ಹಾಸನೂರಿನ ಸಾಲಪತ್ರ ಮತ್ತು ವಕೀಲರ ಯೋಗ್ಯತೆ

ದೊಡ್ಡ ನಗರಗಳ ವಕೀಲ ಸಂಸ್ಥೆಗಳು ತಮ್ಮಲ್ಲಿರುವ ವಕೀಲರ ಪರಿಚಯವನ್ನು ಅಚ್ಚುಕಟ್ಟಾಗಿ ಪ್ರಕಟಿಸುವುದುಂಟು. ಇಂತಹವರು ಇಂತಹ ಕಾಲೇಜಿನಲ್ಲಿ ಕಾನೂನು ಓದಿದರು, ಇಷ್ಟು ವರ್ಷ ಬ್ಯಾಂಕುಗಳ ಸಾಲಪತ್ರ ಬರೆದರು, ಕಂಪೆನಿಗಳ ವಿಲೀನ ನಡೆಸಿದರು, ಜತೆಗೆ ಲೆಕ್ಕ ಪರಿಶೋಧನೆಯ ಪದವಿಯನ್ನೋ ಕಂಪೆನಿ ಕಾರ್ಯದರ್ಶಿಯ ಪರೀಕ್ಷೆಯನ್ನೋ ಮುಗಿಸಿದ್ದಾರೆ ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ಹಣಕಾಸಿನ ವ್ಯವಹಾರಕ್ಕೆ ಈ ಅನುಭವ ಬೇಕೆಂಬುದು ನಿರ್ವಿವಾದ. ಆದರೆ ಕಕ್ಷಿಗಾರನ ಅಹವಾಲನ್ನು ಅವನ ಮನೆಮಾತಿನಲ್ಲೇ ಕೇಳಿ, ಅದೇ ಮಾತಿನಲ್ಲಿ ಉತ್ತರ ಹೇಳಬಲ್ಲರೇ ಎಂಬುದನ್ನು ಎಷ್ಟು ಮಂದಿ ವಿಚಾರಿಸುತ್ತಾರೆ?

ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ತಾಳವಾಡಿ ಬೆಟ್ಟಸೀಮೆಯ ಹಾಸನೂರಿನ ಕಡೆ ನೋಡಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಸೇರಿತು. ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಕಾಸರಗೋಡು ಕೇರಳಕ್ಕೆ ಹೋದದ್ದೂ ಅದೇ ದಿನ. ಒಂದೇ ದಿನದ ಎರಡು ಗಾಯಗಳಿವು. 1979ರಲ್ಲಿ ಈರೋಡು ಜಿಲ್ಲೆ ಹುಟ್ಟಿದ ಮೇಲೆ ಹಾಸನೂರಿನವರಿಗೆ ಜಿಲ್ಲಾ ಕೇಂದ್ರ ಘಟ್ಟದ ಕೆಳಗಿನ ಈರೋಡು. ಅಲ್ಲಿಗೆ ಹೋಗಬೇಕಾದರೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಇಳಿಯಬೇಕು. ಇತ್ತ ಚಾಮರಾಜನಗರದಲ್ಲಿ ಭಾಷೆ ತಮ್ಮದು, ಸರಕಾರ ಬೇರೆ. ಅತ್ತ ಸತ್ಯಮಂಗಲದಲ್ಲಿ ಸರಕಾರ ತಮ್ಮದು, ಕಚೇರಿಯ ಭಾಷೆ ಬೇರೆ.

ಇಂತಹ ಊರಿನ ರೈತನೊಬ್ಬ ಸಾಲಕ್ಕಾಗಿ ಬ್ಯಾಂಕಿಗೆ ಹೋದನೆಂದು ಭಾವಿಸೋಣ. ಸಾಲಪತ್ರ ಇಂಗ್ಲಿಷಿನಲ್ಲಿ, ಬ್ಯಾಂಕಿನವರ ವಿವರಣೆ ತಮಿಳಿನಲ್ಲಿ, ರೈತನ ಯೋಚನೆ ಕನ್ನಡದಲ್ಲಿ. ರುಜು ಮಾತ್ರ ಅವನದು. ಕಂತು ತಪ್ಪಿ ನೋಟೀಸು ಬಂದಾಗಲೇ ಏನು ಒಪ್ಪಿಕೊಂಡಿದ್ದೆನೆಂಬುದು ಅವನಿಗೆ ತಿಳಿಯುವುದು. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಇಂತಹ ನೋಟೀಸನ್ನು ಓದಿಸಿಕೊಳ್ಳಲು ನೆರೆಮನೆಗೆ ಓಡಿದವರಿಗೆ ಈ ಪರಿಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ದಿನಗಳ ಲೆಕ್ಕ ಬಹಳ ಮುಖ್ಯ. 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಮೊದಲು 60 ದಿನಗಳ ನೋಟೀಸು ಕೊಡಬೇಕು. ಆಮೇಲೆ ಅಡವಿನ ಸೊತ್ತನ್ನು ವಶಪಡಿಸಿಕೊಳ್ಳಲು ಕ್ರಮ ಕೈಗೊಂಡರೆ, 45 ದಿನಗಳೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಈ ವಿಷಯದಲ್ಲಿ ಊರಿನ ಸಿವಿಲ್ ಕೋರ್ಟಿಗೆ ಅಧಿಕಾರವಿಲ್ಲ. ಕೃಷಿಭೂಮಿಯ ಮೇಲಿನ ಅಡವಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂಬ ವಿನಾಯಿತಿಯೂ ಅದರಲ್ಲೇ ಇದೆ. ಆದರೆ ವಿನಾಯಿತಿ ಇದೆಯೆಂದು ಗೊತ್ತಿಲ್ಲದವನಿಗೆ ಅದು ಇದ್ದೂ ಇಲ್ಲದಂತೆ. ಭಾಷೆ ತಿಳಿಯದೆ ಕಳೆದ ಒಂದೊಂದು ದಿನವೂ ಮನೆಯನ್ನೋ ಅಂಗಡಿಯನ್ನೋ ಕಳೆದುಕೊಳ್ಳುವ ದಾರಿಯಲ್ಲಿ ಒಂದೊಂದು ಹೆಜ್ಜೆ.

ಹಾಗೆಂದು ಕಾನೂನು ಪೂರ್ತಿ ಕಿವುಡಾಗಿದೆ ಎನ್ನುವಂತಿಲ್ಲ. ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಒಂದು ನಿರ್ದೇಶ ಹೊರಡಿಸಿತು. ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೂ ಮುಖ್ಯ ವಿವರಗಳ ಪತ್ರವೊಂದನ್ನು ಕೊಡಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಅದರಲ್ಲಿರುವುದನ್ನು ಅವನಿಗೆ ವಿವರಿಸಿ ಹೇಳಿ, ತಿಳಿಯಿತೆಂಬ ಒಪ್ಪಿಗೆ ಪಡೆಯಬೇಕು. ಅದೇ ವರ್ಷದ ಅಕ್ಟೋಬರ್ 1ರಿಂದ ಹೊಸ ಸಾಲಗಳಿಗೆ ಇದು ಜಾರಿಗೆ ಬಂತು. ರಾಜ್ಯದ ಭಾಷೆಯಲ್ಲಿ ಎಂದಲ್ಲ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಎಂದೇ ಅಲ್ಲಿರುವುದನ್ನು ನಮ್ಮ ವಾಚಕರು ಗಮನಿಸಬೇಕು. ಹಾಸನೂರಿನವರಿಗೂ ನಮಗೂ ಕನ್ನಡದಲ್ಲಿ ಈ ಪತ್ರವನ್ನು ಕೇಳುವ ಹಕ್ಕಿದೆ. ಕೇಳದಿದ್ದರೆ ಯಾರೂ ತಾವಾಗಿ ತಂದು ಕೊಡಲಾರರು.

ನ್ಯಾಯಾಲಯದಲ್ಲೂ ಅಷ್ಟೆ. ಸಾಕ್ಷಿ ನುಡಿದ ಭಾಷೆ ಒಂದು, ಬರೆದುಕೊಂಡ ಭಾಷೆ ಇನ್ನೊಂದು ಆಗಿ, ಬರೆದದ್ದು ಸಾಕ್ಷಿಗೆ ತಿಳಿಯದಿದ್ದರೆ, ಅದನ್ನು ಅವನು ನುಡಿದ ಭಾಷೆಯಲ್ಲಿ ಅವನಿಗೆ ಹೇಳಬೇಕೆಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ವಿಧಿಸಿದೆ. ಇದನ್ನು ಎದ್ದು ನಿಂತು ಕೇಳಬಲ್ಲ ವಕೀಲ ಬೇಕು. ಅವನಿಗೆ ಕನ್ನಡವೂ ಬರಬೇಕು, ಆ ಕೋರ್ಟಿನ ಭಾಷೆಯೂ ಬರಬೇಕು. 1961ರ ವಕೀಲರ ಕಾಯ್ದೆಯ 30ನೇ ವಿಧಿ 2011ರ ಜೂನ್ 15ರಂದು ಜಾರಿಗೆ ಬಂದ ಬಳಿಕ, ಒಂದು ರಾಜ್ಯದಲ್ಲಿ ಹೆಸರು ನೋಂದಾಯಿಸಿದ ವಕೀಲ ಇನ್ನೊಂದು ರಾಜ್ಯದ ಕೋರ್ಟಿನಲ್ಲೂ ವಾದಿಸಲು ಹಕ್ಕುಳ್ಳವನು. ಚಾಮರಾಜನಗರದ ವಕೀಲ ಸತ್ಯಮಂಗಲದಲ್ಲಿ, ಮಂಗಳೂರಿನ ವಕೀಲ ಕಾಸರಗೋಡಿನಲ್ಲಿ ನಿಲ್ಲಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಭಾಷೆಯ ಅಭ್ಯಾಸದಲ್ಲಿ, ಮನಸ್ಸಿನಲ್ಲಿ.

ಇಲ್ಲಿಯೇ ಗಡಿನಾಡಿನ ಮಕ್ಕಳ ಮಾತು ಬರುತ್ತದೆ. ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷು. ಹಾಸನೂರಿನ ಮಗುವಿಗೆ ಮಲಯಾಳದ ಬದಲು ತಮಿಳು. ಇದನ್ನು ನಾವು ಈ ತನಕ ಹೊರೆಯೆಂದೇ ಎಣಿಸಿಕೊಂಡು ಬಂದಿದ್ದೇವೆ. ಆದರೆ ಎರಡು ಭಾಷೆಯ ನಡುವೆ ನಿಂತು, ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ವಾದಿಸುವ ಸಾಮರ್ಥ್ಯ ಯಾವ ಕಾಲೇಜಿನಲ್ಲೂ ಐದು ವರ್ಷದಲ್ಲಿ ಸಿಗುವಂತಹದಲ್ಲ. ನಮ್ಮ ಮಕ್ಕಳಿಗೆ ಅದು ಹುಟ್ಟಿನಿಂದ ಬಂದ ಬಂಡವಾಳ. ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯುತ್ತಿರುವುದರಿಂದ ಕನ್ನಡ ಮಾಧ್ಯಮದ ಮಕ್ಕಳು ಅಲ್ಲಿ ಹಿಂದೆ ಬೀಳುತ್ತಾರೆಂಬುದೂ ದಿಟವೇ. ಅದಕ್ಕಾಗಿ ಪ್ರೌಢಶಾಲೆಯಿಂದಲೇ ಇಂಗ್ಲಿಷನ್ನು ಗಟ್ಟಿಮಾಡಬೇಕು. ಕನ್ನಡವನ್ನು ಬಿಡುವುದು ಅದಕ್ಕೆ ಮದ್ದಲ್ಲ.

ಕಾನೂನು ಓದಿದ ನಮ್ಮ ಮಕ್ಕಳು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಹೋಗುವುದನ್ನು ನಾವು ಆಕ್ಷೇಪಿಸುವುದಿಲ್ಲ. ಅನ್ನದ ದಾರಿ ಅಲ್ಲಿದೆ. ಬ್ಯಾಂಕಿನ ಪರವಾಗಿ ಸಾಲಪತ್ರ ಬರೆದು ಪಳಗಿದವನಿಗೆ ಅದರ ಯಾವ ಗೆರೆಯಲ್ಲಿ ಮುಳ್ಳಿದೆಯೆಂದು ಚೆನ್ನಾಗಿ ಗೊತ್ತು. ಅಂತಹವನು ಊರಿಗೆ ಬಂದಾಗ ಒಂದು ದಿನ ಶಾಲೆಯ ಜಗಲಿಯಲ್ಲಿ ಕುಳಿತು ಹತ್ತು ಮನೆಯವರ ಕಾಗದ ಓದಿ ಹೇಳಿದರೆ, ಅದು ಸಣ್ಣ ಉಪಕಾರವಲ್ಲ. 1987ರ ಕಾಯ್ದೆಯಂತೆ ಇರುವ ಕಾನೂನು ಸೇವಾ ಪ್ರಾಧಿಕಾರಗಳೂ ಈರೋಡಿನಲ್ಲಾಗಲಿ ಕಾಸರಗೋಡಿನಲ್ಲಾಗಲಿ ತಮ್ಮ ಪಟ್ಟಿಯಲ್ಲಿ ಕನ್ನಡ ಬಲ್ಲ ವಕೀಲರನ್ನು ಸೇರಿಸಿ, ಆ ಹೆಸರುಗಳನ್ನು ಕನ್ನಡದಲ್ಲೇ ಪ್ರಕಟಿಸಬೇಕು. ಹಾಸನೂರಿನ ಸುತ್ತಲಿನ ಸೋಲಿಗರಂತಹ ಪರಿಶಿಷ್ಟ ಪಂಗಡದವರಿಗೂ ಎಲ್ಲ ಮಹಿಳೆಯರಿಗೂ ಅಲ್ಲಿ ಉಚಿತ ನೆರವು ಪಡೆಯುವ ಹಕ್ಕಿದೆ.

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಹೇಳುತ್ತಿದ್ದರು. ಕಾಗದದಲ್ಲಿ ಏನಿದೆಯೆಂದೇ ತಿಳಿಯದವನಿಗೆ ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಸೋಲು. ಆದುದರಿಂದ ಮುಂದಿನ ಬಾರಿ ಬ್ಯಾಂಕಿನಲ್ಲಿ ರುಜು ಹಾಕುವ ಮುನ್ನ, ಕನ್ನಡದ ಪತ್ರ ಕೊಡಿ ಎಂದು ಪ್ರತಿಯೊಬ್ಬರೂ ಕೇಳಬೇಕು. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವನಿಗೆ ಅದು ಕೇಳದೆಯೇ ಸಿಕ್ಕೀತು.