ಜೈಲಿನ ಹಣೆಪಟ್ಟಿ ಬರೆಯುವವರು ಯಾರು?

ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಎಷ್ಟೋ ಕುಟುಂಬಗಳು ಪುಣೆಯ ಹಡಪಸರದಂಥ ಕಡೆ ಬದುಕು ಕಟ್ಟಿಕೊಂಡಿವೆ. ಅಲ್ಲಿಯ ಒಬ್ಬನನ್ನು ಪೊಲೀಸರು ಹಿಡಿದು ಯರವಡಾ ಜೈಲಿಗೆ ಕಳಿಸಿದರೆನ್ನಿ, ಓಣಿಯಲ್ಲಿ ಅಂದೇ ತೀರ್ಪು ಬರುತ್ತದೆ: ‘ಅವನಿಗೆ ಜೈಲಾಯ್ತು.’ ಆದರೆ ಜೈಲಿನ ಭಾಷೆಯಲ್ಲಿ ಅವನು ‘ಕಚ್ಚಾ ಕೈದಿ’, ಅಂದರೆ ವಿಚಾರಣಾಧೀನ. ಅವನ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಶಿಕ್ಷೆಯಾದವನು ಮಾತ್ರ ‘ಪಕ್ಕಾ ಕೈದಿ’.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಕಾನೂನಿನ ಕಣ್ಣಿಗೆ ಇನ್ನೂ ನಿರಪರಾಧಿಗಳು. ಇದನ್ನು ‘ಕೈದಿ’ ಎಂಬ ಒಂದೇ ಪದದಡಿ ಮುಚ್ಚಿಡುವುದು ನಮಗೆಲ್ಲ ಅನುಕೂಲ.

ಕೈದಿಗಳನ್ನು ವರ್ಗೀಕರಿಸಲೇಬೇಕು, ಇಲ್ಲದಿದ್ದರೆ ಭದ್ರತೆ ಹೇಗೆ ಎನ್ನುತ್ತಾರೆ. ಒಪ್ಪಿದೆ. ಮೊದಲ ಬಾರಿ ಒಳಗೆ ಬಂದ ಹುಡುಗನನ್ನು ಗ್ಯಾಂಗಿನವರ ಬ್ಯಾರಕ್ಕಿಗೆ ತಳ್ಳಬಾರದು. ಆದರೆ ವರ್ಗೀಕರಣ ಯಾವ ಅಳತೆಯ ಮೇಲೆ? ಬ್ರಿಟಿಷರು 1930ರ ಹೊತ್ತಿಗೆ ತಂದ ಎ, ಬಿ, ಸಿ ಕ್ಲಾಸುಗಳ ಅಳತೆಗೋಲು ಕೈದಿಯ ಓದು, ಅಂತಸ್ತು, ಜೀವನಮಟ್ಟವಾಗಿತ್ತು. ಬಡವನಿಗೆ ಸಿ ಕ್ಲಾಸು ಗ್ಯಾರಂಟಿ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದಿಂದ ಹೊರಬಿದ್ದ ಫೋಟೋ ನೆನಪಿದೆಯಲ್ಲವೇ? ಕುರ್ಚಿ, ಕೈಯಲ್ಲಿ ಮಗ್ಗು, ಸಿಗರೇಟು. ಅಲ್ಲಿ ಕೂತಿದ್ದವನೂ ವಿಚಾರಣಾಧೀನನೇ. ಒಂದೇ ಹಣೆಪಟ್ಟಿ, ಎರಡು ಜೈಲು.

ಇದಕ್ಕಿಂತ ಕ್ರೂರವಾದ ಹಣೆಪಟ್ಟಿ ‘ರೂಢಿಗತ ಅಪರಾಧಿ’. 1871ರಲ್ಲಿ ಬಂದ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಬಗೆಯಿತು. ಮುಂದೆ ಅದು ಮುಂಬಯಿ ಪ್ರಾಂತಕ್ಕೂ ಬಂತು. ಸೊಲ್ಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ ಬೇಲಿಯೊಳಗಿನ ವಸತಿಗಳೆದ್ದವು. ಹುಬ್ಬಳ್ಳಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಹೆಸರು ಈಗಲೂ ಉಳಿದಿದೆ. ಕಾನೂನು 1952ರಲ್ಲಿ ಹೋಯಿತು, ಗುಮಾನಿ ಹೋಗಲಿಲ್ಲ. ವಿಮುಕ್ತ ಸಮುದಾಯದವರನ್ನು ಹಾಗೆಯೇ ನೋಡುವ ನಿಯಮಗಳು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಉಳಿದಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಇವನ್ನು ರದ್ದುಪಡಿಸಿ, ಜೈಲು ರಿಜಿಸ್ಟರಿನ ಜಾತಿ ಕಾಲಮ್ಮನ್ನೂ ತೆಗೆಯಲು ಹೇಳಿತು. ಸ್ವಾತಂತ್ರ್ಯ ಬಂದು ಎಪ್ಪತ್ತೇಳು ವರ್ಷಗಳ ಮೇಲೆ!

ಹಾಗಾದರೆ ಈ ಪದಗಳು ಬರೀ ಕಚೇರಿಯ ಕಡತದ ಮಾತುಗಳೇ? ಅಲ್ಲ. ಅವು ದಿನಗಳನ್ನು ಎಣಿಸುತ್ತವೆ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು, ಹಿಂದೆಂದೂ ಶಿಕ್ಷೆಯಾಗದವನು ಆರೋಪಕ್ಕಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕೆನ್ನುತ್ತದೆ. ಮಿಕ್ಕವರಿಗೆ ಅರ್ಧ ಅವಧಿ. ಮರಣದಂಡನೆ ಅಥವಾ ಜೀವಾವಧಿ ಆಗಬಹುದಾದ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಕೇಸುಗಳಿದ್ದವರಿಗೂ ಇದು ಅನ್ವಯಿಸುವುದಿಲ್ಲ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯುವ ಹೊಣೆ ಜೈಲು ಸೂಪರಿಂಟೆಂಡೆಂಟರದ್ದೇ. ಇಲ್ಲಿ ಅಳತೆ ಹಿಂದಿನ ಶಿಕ್ಷೆ, ಪೊಲೀಸರ ಗುಮಾನಿಯಲ್ಲ. ಇಷ್ಟು ಗೊತ್ತಿಲ್ಲದ ಹೆಂಡತಿ ವಕೀಲರ ಬಾಗಿಲಲ್ಲಿ ಏನೆಂದು ಕೇಳಿಯಾಳು?

ಜಾಮೀನು ಸಿಕ್ಕ ಮೇಲೂ ಸ್ಥಳೀಯ ಶ್ಯೂರಿಟಿ ಬೇಕು ಎಂದರೆ, ಹಡಪಸರದಲ್ಲಿ ಬಾಡಿಗೆ ಶೆಡ್ಡಿನಲ್ಲಿರುವವನಿಗೆ ಯಾರು ನಿಲ್ಲುತ್ತಾರೆ? ಇಂಥ ಕಡೆ ಸ್ಥಳೀಯ ಶ್ಯೂರಿಟಿಯ ಷರತ್ತು ಹಾಕದಿರಬಹುದೆಂದು ಸುಪ್ರೀಂ ಕೋರ್ಟ್ 2023ರ ಜನವರಿ 31ರಂದೇ ಹೇಳಿದೆ. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ ಹೇಳಿದೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ಕೈದಿಯನ್ನು ಯಾವ ವರ್ಗಕ್ಕೆ ಹಾಕಿದ್ದಾರೆ, ಏಕೆ, ಅದನ್ನು ಯಾರ ಮುಂದೆ ಪ್ರಶ್ನಿಸಬಹುದು ಎಂಬುದು ಅವನ ಭಾಷೆಯಲ್ಲಿ ಬರೆದು ಅವನ ಕೈಗೆ ಬರಲಿ. ಯರವಡಾದಲ್ಲಿ ಕನ್ನಡಿಗನಿಗೆ ಕನ್ನಡದಲ್ಲಿ, ಬೆಳಗಾವಿಯ ಹಿಂಡಲಗಾದಲ್ಲಿ ಮರಾಠಿಯವನಿಗೆ ಮರಾಠಿಯಲ್ಲಿ. ತನ್ನ ಹಣೆಯ ಮೇಲೆ ಬರೆದದ್ದನ್ನು ಓದಲಾಗದವನನ್ನು ಒಳಗಿಟ್ಟುಕೊಂಡು ‘ಸುಧಾರಣಾ ಸೇವೆ’ ಎಂದು ಬೋರ್ಡು ಹಾಕಿಕೊಳ್ಳುವುದು ನಾಚಿಕೆಗೇಡು.