ತಾಯಿಯ ಕಡೆಯ ವಂಶವೃಕ್ಷ

ಮೊನ್ನೆ ದಟ್ಟಗಳ್ಳಿಯ ಒಂದು ಗೃಹಪ್ರವೇಶದಲ್ಲಿ ಯಜಮಾನರು ತಮ್ಮ ವಂಶವೃಕ್ಷವನ್ನು ಅಚ್ಚುಹಾಕಿಸಿ ಬಂದವರಿಗೆಲ್ಲ ಹಂಚಿದರು. ಏಳು ತಲೆಮಾರಿನ ಆ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಕೇಳಿದ್ದಕ್ಕೆ, "ಹಿಂದಿನಿಂದ ನಡೆದುಬಂದ ಪದ್ಧತಿಯೇ ಹಾಗಲ್ಲವೆ, ಸ್ವಾಮಿ?" ಎಂದರು. ಹಿಂದಿನಿಂದ ಎಂದರೆ ಎಂದಿನಿಂದ? ಈ ಮಾತಿಗೆ ಆಧಾರವೇನು?

ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆಯನ್ನು ಅರಿಯದ ಕನ್ನಡಿಗರಿಲ್ಲ. ಆಕೆಯನ್ನು ಹೆತ್ತ ಮಾಚಿಕಬ್ಬೆಯನ್ನು ಬಲ್ಲವರೆಷ್ಟು ಮಂದಿ? 1131ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ಬೆಟ್ಟದಿಂದ ಧುಮುಕಿದಳೆಂಬ ಕಥೆಯನ್ನು ನಾವು ಕಟ್ಟಿಕೊಂಡಿದ್ದೇವೆ. ಶಾಸನದಲ್ಲಿ ಆ ಮಾತಿಲ್ಲ. ಶಾಸನವು ಹೇಳುವುದು ತಾಯಿಯ ಸಂಗತಿಯನ್ನು. ಮಗಳಿಲ್ಲದ ಲೋಕದಲ್ಲಿ ಇರಲೊಲ್ಲದೆ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಸನ್ಯಸನವನ್ನು ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳು. ಪತಿ ಮಾರಸಿಂಗಯ್ಯನು ಶೈವ. ಈಕೆಯಾದರೋ ಕಡೆಯವರೆಗೂ ಜಿನಭಕ್ತೆ.

ಇನ್ನು ಆಕೆಯ ವಂಶ. ದಂಡನಾಯಕ ನಾಗವರ್ಮ, ಅವನ ಮಡದಿ ಚಂದಿಕಬ್ಬೆ. ಅವರ ಮಗ ಬಲದೇವ, ಅವನ ಮಡದಿ ಬಾಚಿಕಬ್ಬೆ. ಅವರ ಮಕ್ಕಳು ಮಾಚಿಕಬ್ಬೆ ಮತ್ತು ಸಿಂಗಿಮಯ್ಯ. ರಾಣಿಯ ತಾಯಿಯ ತವರಿನ ಹೆಸರುಗಳಿವು! ತಲೆಮಾರಿಗೊಬ್ಬ ಹೆಣ್ಣುಮಗಳು ತನ್ನ ಹೆಸರಿನಿಂದಲೇ ಅಲ್ಲಿ ನಿಂತಿದ್ದಾಳೆ. ರೈಸರು 1889ರಲ್ಲಿ ಪ್ರಕಟಿಸಿ, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದ ಶಾಸನಸಂಪುಟವು ನೂರು ವರ್ಷಕ್ಕೂ ಮಿಕ್ಕಿ ನಮ್ಮ ಕಣ್ಣೆದುರಿಗಿದೆ. ಓದುವವರು ಬೇಕು, ಅಷ್ಟೆ.

ಎಲ್ಲ ಶಾಸನಗಳೂ ಹೀಗೆಯೇ ಇವೆಯೆಂದು ನಾನು ಹೇಳುವುದಿಲ್ಲ. ಗಂಡುಸಂತತಿಯನ್ನೇ ಹಾಡುವ ಕಲ್ಲುಗಳೇ ಹೆಚ್ಚು. ಆದರೆ ಹೆಂಗಸರ ಹೆಸರನ್ನು ಬರೆಯುವ ವಾಡಿಕೆಯೇ ನಮ್ಮಲ್ಲಿರಲಿಲ್ಲವೆಂಬ ಮಾತಂತೂ ಈ ಒಂದು ಕಲ್ಲಿನ ಮುಂದೆ ನಿಲ್ಲಲಾರದು. "ಅದು ಅರಸುಮನೆತನದ ವೈಭವ, ನಮ್ಮಂಥ ಬಡವರಿಗೇಕೆ?" ಎನ್ನುವವರುಂಟು. ಅಂದು ಒಂದೊಂದು ಅಕ್ಷರವನ್ನೂ ಉಳಿಯಿಂದ ಕೊರೆಯಬೇಕಾಗಿತ್ತು. ಆದರೂ ಚಂದಿಕಬ್ಬೆಗೆ ಎಡೆಯಿತ್ತು. ಇಂದು ಕಾಗದ ಅಗ್ಗ, ಅಚ್ಚು ಸುಲಭ, ಆದರೂ ಎಡೆಯಿಲ್ಲ. ಕೊರತೆಯಿರುವುದು ಹಣದಲ್ಲಲ್ಲ, ಮನಸ್ಸಿನಲ್ಲಿ.

ಆ ಗೃಹಪ್ರವೇಶದ ದಿನ ಯಜಮಾನರ ವೃದ್ಧಮಾತೆಯು ನಡುಮನೆಯಲ್ಲಿ ಕುಳಿತು, ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡುತ್ತಿದ್ದರು. ಏನನ್ನು ಹುಡುಕುತ್ತಿದ್ದರೆಂದು ನಾನು ಕೇಳಲಿಲ್ಲ. ವಾಚಕ ಮಹಾಶಯರೇ, ನಿಮ್ಮ ಅಜ್ಜಿಯ ತಾಯಿಯ ಹೆಸರೇನು? ತಿಳಿಯದಿದ್ದರೆ, ಹೇಳಬಲ್ಲವರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿರಿ.