ಬಿದ್ದರೆ ಆರು ನೋಡುಗು?

ಕಳುದ ತಿಂಗಳು ಊರಿಲಿ ಒಂದು ಉಪ್ನಾನಕ್ಕೆ ಹೋಗಿತ್ತಿದ್ದೆ. ಬಾಳೆಲೆ ಹಾಕುವ ಮೊದಲೇ ಸುದ್ದಿ ಎತ್ತಿ ಆಗಿತ್ತು: ಆನು ಕುದುರೆ ಹಾರ್ಸುದು ಬಿಟ್ಟು, ಐವತ್ತಾರನೇ ವರ್ಷಲ್ಲಿ 'ಡ್ರೆಸ್ಸೇಜ್' ಹೇಳ್ತ ಹೊಸತೊಂದರ ಸುರು ಮಾಡಿದ್ದೆ ಹೇಳಿ. ಚಿಕ್ಕಮ್ಮ ಎಲ್ಲೋರ ಎದುರೇ ಕೇಳಿದವು, "ಅಲ್ಲ ಕೂಸೇ, ಈ ಪ್ರಾಯಲ್ಲಿ ಬಿದ್ದರೆ ನಿನ್ನ ಆರು ನೋಡುಗು?"

ಅಲ್ಲಿ ನೆಗೆ ಮಾಡಿ, ಪಾಯಸ ಉಂಡಿಕ್ಕಿ ಬಂದೆ. ಉತ್ತರ ಇಲ್ಲಿ ಬರೆತ್ತೆ. ಚಿಕ್ಕಮ್ಮ ಇದರ ಓದುತ್ತವು ಹೇಳಿ ಗೊಂತಿದ್ದು.

ಗೊಂತಿಲ್ಲದ್ದವಕ್ಕೆ ರಜ್ಜ ವಿವರ ಹೇಳೆಕ್ಕು. ಕುದುರೆ ಹಾರ್ಸುದರಲ್ಲಿ ಕೋಲು ಬೀಳದ್ದೆ ದಾಂಟಿರೆ ಆತು. ಡ್ರೆಸ್ಸೇಜಿಲಿ ಹಾಂಗಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣ, ಸುತ್ತ ಎ, ಕೆ, ಇ, ಎಚ್ ಹೇಳಿ ಅಕ್ಷರಂಗೊ. ಇಂಥ ಅಕ್ಷರದ ಹತ್ತರೆ ನಿಲ್ಲೆಕ್ಕು, ಇಂಥಲ್ಲಿಂದ 20 ಮೀಟರಿನ ಉರುಟು ಸುತ್ತೆಕ್ಕು. ಒಂದೊಂದಕ್ಕೂ ಸೊನ್ನೆಂದ ಹತ್ತರ ವರೆಗೆ ಮಾರ್ಕು. ನೋಡುವವಕ್ಕೆ ಮಾಂತ್ರ ಸವಾರ ಎಂತದೂ ಮಾಡದ್ದೆ ಸುಮ್ಮನೆ ಕೂದ ಹಾಂಗೆ ಕಾಣೆಕ್ಕು. ಅದುವೇ ಕಷ್ಟ ಇಪ್ಪದು!

ಎನಗೆ ಎಂಟು ವರ್ಷ ರಿಕಾಪು ಗಿಡ್ಡ ಮಾಡಿ ಮುಂದಂಗೆ ಬಗ್ಗಿ ಕೂದ ಅಭ್ಯಾಸ. ಇಲ್ಲಿ ರಿಕಾಪು ಉದ್ದ, ಬೆನ್ನು ಸರ್ತ. ಕುದುರೆ ಟ್ರಾಟ್ ಮಾಡುವಗ ಆನು ಗುಂಡಿ ಮಾರ್ಗಲ್ಲಿ ಹೋಪ ಜೀಪಿಲಿ ಮಡಗಿದ ಮಜ್ಜಿಗೆ ಅಳಗೆಯ ಹಾಂಗೆ ಕುಲುಕುತ್ತೆ. ಕೈ ಕುಲುಕಿರೆ ಲಗಾಮು ಎಳದು ಕುದುರೆಯ ಬಾಯಿಗೆ ಬೇನೆ ಆವುತ್ತು. ಹಾಂಗಾಗಿ ಸುರುವಾಣ ಎರಡು ತಿಂಗಳು ಎನಗೆ ಲಗಾಮೇ ಕೊಟ್ಟಿದವಿಲ್ಲೆ. ಉದ್ದ ಬಳ್ಳಿ ಕಟ್ಟಿ ಕುದುರೆಯ ಸುತ್ತು ಬರ್ಸುದು, ಆನು ಮೇಲೆ ಕೂಪಲೆ ಕಲಿವದು. ಹೇಳಿಕೊಡುವ ಕೂಸು ಎನ್ನ ಮಗಳಿಂದ ಸಣ್ಣ. "ಮೇಡಂ, ಕೈ ಸುಮ್ನಿರ್ಲಿ" ಹೇಳಿ ಬೈತ್ತು. ಬೈಗಳು ತಿಂಬಲೆ ಎನಗೆ ನಾಚಿಕೆ ಇಲ್ಲೆ. ಹೊಸತು ಕಲಿವವು ಬೈಗಳು ತಿನ್ನೆಕ್ಕಾದ್ದೇ.

ಇನ್ನು ಬೀಳ್ತ ವಿಷಯ. ಚಿಕ್ಕಮ್ಮಾ, ಕಳುದೊರಿಷ ನಿಂಗೊ ಏಣಿ ಹತ್ತಿ ಅಟ್ಟಂದ ಉಪ್ಪಿನಕಾಯಿ ಭರಣಿ ಇಳುಶಿದಿ. ನಿಂಗೊಗೆ ಅಂಬಗ ಅರುವತ್ತೆಂಟು. ಆರಾದರೂ ಕೇಳಿದವೋ? ದೊಡ್ಡಮ್ಮ ಮಳೆಗಾಲಲ್ಲಿ ಪಾಚಿ ಹಿಡುದ ಜಾಲಿಲಿ ಅಡಕ್ಕೆ ಹೆರ್ಕುಲೆ ಹೋಗಿ, ಜಾರಿ ಕೈ ಮುರ್ಕೊಂಡವು. "ಈ ಪ್ರಾಯಲ್ಲಿ ನಿಂಗೊಗೆ ಅಡಕ್ಕೆ ಎಂತಕೆ" ಹೇಳಿ ಒಂದು ಜೆನ ಹೇಳಿದ್ದಿಲ್ಲೆ. ಕೆಲಸಲ್ಲಿ ಬಿದ್ದರೆ ಗ್ರಾಚಾರ, ಕೊಶಿಲಿ ಬಿದ್ದರೆ ಅಹಂಕಾರ. ಎಲುಬಿಂಗೆ ಈ ವ್ಯತ್ಯಾಸ ಗೊಂತಾವುತ್ತೋ?

ಹೆದರಿಕೆ ಲೊಟ್ಟೆ ಹೇಳಿ ಆನು ಹೇಳ್ತಿಲ್ಲೆ. ಮುಟ್ಟು ನಿಂದ ಮೇಲೆ ಹೆಮ್ಮಕ್ಕಳ ಎಲುಬು ಸೋಲ್ತು, ಅದು ಅಪ್ಪು. ಆನು ಎಲುಬಿನ ಪರೀಕ್ಷೆ ಮಾಡ್ಸಿ, ಡಾಕ್ಟ್ರ ಕೇಳಿಯೇ ಹತ್ತಿದ್ದು. ಹೆಲ್ಮೆಟ್ ಇಲ್ಲದ್ದೆ ಲಾಯದ ಹೆರ ಬತ್ತಿಲ್ಲೆ. ಪೈಸೆಯೂ ಕಮ್ಮಿ ಅಲ್ಲ, ಆದರೆ ಅದು ಎನ್ನ ಟ್ಯೂಷನ್ನಿನ ಪೈಸೆ.

ಬೈವವರಿಂದ ಹೊಗಳುವವೇ ಎನಗೆ ಹೆಚ್ಚು ಉಪದ್ರ. "ಈ ಪ್ರಾಯಲ್ಲೂ ಎಂತಾ ಉತ್ಸಾಹ!" ಹೇಳಿ, ಮೂರು ವರ್ಷದ ಬಾಬೆ ಶ್ಲೋಕ ಹೇಳಿದ ಹಾಂಗೆ. ಲಾಯಲ್ಲಿಯೂ ಇದ್ದವು, "ಹಾರ್ಸುಲೆ ಎಡಿಯದ್ದವಕ್ಕೆ ಡ್ರೆಸ್ಸೇಜ್" ಹೇಳುವವು. ಇದು ಪೆನ್ಶನ್ ಅಡ. ಜಪಾನಿನ ಹಿರೋಶಿ ಹೊಕೆತ್ಸು 1964ರ ಟೋಕಿಯೊ ಒಲಿಂಪಿಕ್ಸಿಲಿ ಕುದುರೆ ಹಾರ್ಸಿದವು. ಮತ್ತೆ ಡ್ರೆಸ್ಸೇಜಿಂಗೆ ತಿರುಗಿ 2008ರ ಬೀಜಿಂಗಿಲಿ 67ನೇ ವರ್ಷಲ್ಲಿ, 2012ರ ಲಂಡನಿಲಿ 71ನೇ ವರ್ಷಲ್ಲಿ ಸ್ಪರ್ಧೆ ಮಾಡಿದವು. ಇದು ಪೆನ್ಶನ್ನೋ?

ಅವು ಗೆಂಡುಮಕ್ಕೊ ಹೇಳುವಿ ನಿಂಗೊ. ಆತು, ಬ್ರಿಟನ್ನಿನ ಲೋರ್ನಾ ಜಾನ್‌ಸ್ಟನ್ 1972ರ ಮ್ಯೂನಿಕ್ಕಿಲಿ ಸವಾರಿ ಮಾಡುವಗ ಅವಕ್ಕೆ 70 ವರ್ಷ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ಲಿಂಗೆ ಬಸರಿ ಇಪ್ಪಗ ಪೋಲಿಯೊ ಬಂದು ಮೊಳಪ್ಪಿಂದ ಕೆಳ ಬಲ ಹೋಗಿತ್ತು. ಕುದುರೆಗೆ ಹತ್ಸುಲೂ ಇಳುಶುಲೂ ಜೆನ ಬೇಕು. 1952ರ ಹೆಲ್ಸಿಂಕಿಲಿ ಅವಕ್ಕೆ ಬೆಳ್ಳಿ ಪದಕ. ಅಲ್ಲಿಯವರೆಗೆ ಒಲಿಂಪಿಕ್ಸಿನ ಡ್ರೆಸ್ಸೇಜ್ ಮಿಲಿಟರಿ ಆಫೀಸರಕ್ಕೊಗೆ ಮಾಂತ್ರ, ಹೆಮ್ಮಕ್ಕೊಗೆ ಬಾಗಿಲು ತೆಗದ್ದು ಆ ವರ್ಷವೇ. ಬೇರೆ ಪಂಕ್ತಿ ಹಾಕಿದ್ದವಿಲ್ಲೆ, ಗೆಂಡುಮಕ್ಕಳ ಒಟ್ಟಿಂಗೇ ಸ್ಪರ್ಧೆ. ಈಗಳೂ ಹಾಂಗೇ.

ಎನಗೆ ಒಲಿಂಪಿಕ್ಸ್ ಬೇಡ. ಹತ್ತರಲ್ಲಿ ಆರು ಮಾರ್ಕು ಸಿಕ್ಕಿರೆ ಧಾರಾಳ.

ಆದರೆ 'ಆರು ನೋಡುಗು' ಹೇಳ್ತ ಮಾತು ಎನಗೆ ಕುತ್ತುತ್ತು. ಎನ್ನ ಅತ್ತೆ ಆರು ವರ್ಷ ಹಾಸಿಗೆಲಿ ಇತ್ತಿದ್ದವು. ಎತ್ತಿ, ಮೀಶಿ, ಮಗ್ಗುಲು ತಿರುಗಿಸಿ ನೋಡಿಗೊಂಡದು ಆನು. ಎನ್ನ ಸೊಂಟ ಹೋದ್ದು ಅಂಬಗ, ಕುದುರೆಂದ ಅಲ್ಲ. ಆ ಆರು ವರ್ಷಲ್ಲಿ ಎನ್ನ ಆರು ನೋಡುಗು ಹೇಳಿ ಆರೂ ಕೇಳಿದ್ದವಿಲ್ಲೆ. ಈಗ ಕೇಳ್ತವು. ಎನಗೆ ಅನುಸುವದು, ಆ ಪ್ರಶ್ನೆ 'ನಿನ್ನ ಆರು ನೋಡುಗು' ಹೇಳಿ ಅಲ್ಲ, 'ನೀನು ಬಿದ್ದರೆ ಎಂಗಳ ಆರು ನೋಡುಗು' ಹೇಳಿ. ಚಿಕ್ಕಮ್ಮ ಹಾಂಗೆ ಗ್ರೇಶಿ ಕೇಳಿದ್ದವಲ್ಲ, ಗೊಂತಿದ್ದು. ಅವರ ಕೈಯ ಭರಣಿಯ ಹಿಡಿವಲೂ ಆರೂ ಬಯಿಂದವಿಲ್ಲೆ.

ಚಿಕ್ಕಮ್ಮಾ, ಬಪ್ಪ ತಿಂಗಳು ಕಣ್ಣಿನ ಡಾಕ್ಟ್ರಲ್ಲಿಗೆ ಬೆಂಗ್ಳೂರಿಂಗೆ ಬತ್ತಿಲ್ಲೆಯೋ? ಶೆನಿವಾರ ಉದಿಯಪ್ಪಗ ಎನ್ನೊಟ್ಟಿಂಗೆ ಬನ್ನಿ. ಆನು ಕಲಿವ ಪಾಠಲ್ಲಿ ಯಾವ ಅಕ್ಷರದ ಹತ್ತರೆ ಎಂತ ಮಾಡೆಕ್ಕು ಹೇಳಿ ಹೆರ ನಿಂದು ದೊಡ್ಡಕ್ಕೆ ಓದಿ ಹೇಳುಲೆ ಒಂದು ಜೆನ ಬೇಕು. ಕನ್ನಡ್ಕ ಮರವಲಾಗ.